ಸಂತೆಗೊಂದು ವಾರ, ಸುದ್ದಿಗೊಂದು ವಾರ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಲ, ಗೊಬ್ಬರ, ಲಾಭಾಂಶದ ವಿಚಾರ ಮಾತಾಡೋಕೆ ತಿಳಿದವರು ಈ ವೇದಿಕೆ ಮೇಲೆ ಬೇಕಾದಷ್ಟು ಜನ ಇದ್ದಾರೆ. ಸಂಘದ ಸುದ್ದಿ ಕೆಲಸ ನೋಡಿಕೊಳ್ಳುತ್ತಿರುವ ನಮಗೆ ಕಾರ್ಯದರ್ಶಿಗಳು ಬೇರೆ ವಿಷಯ ಕೊಟ್ಟಿದ್ದಾರೆ. ಮೊಬೈಲು, ಫೇಸ್‌ಬುಕ್ಕು, ಇ-ಮೇಲು ಇವುಗಳ ಮೂಲಕ ಸಂಘದ ಮಾತು ಕೇಳುವವರನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಅಂತ ಹೇಳಬೇಕಂತೆ. "ಸಂಘಕ್ಕೂ ಫೇಸ್‌ಬುಕ್ಕಿಗೂ ಏನ್ರಪ್ಪಾ ಸಂಬಂಧ?" ಅಂತ ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರೊಬ್ಬರು ಆಗಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ನಾವು ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು.

2019ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ವಯನಾಡಿನಲ್ಲಿ ಮಳೆ ಹುಯ್ದು ಕಬಿನಿ ತುಂಬಿತು. ಅಣೆಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಬಿಟ್ಟರು. ಮಲ್ಲನಮೂಲೆ ಮಠದ ಹತ್ತಿರ ನೀರು ರಸ್ತೆಗೆ ಬಂದು ಮೈಸೂರಿನ ದಾರಿ ಬಂದಾಯಿತು. ಕಪಿಲೆ ದಂಡೆಯ ಗದ್ದೆ ತೋಟಗಳೆಲ್ಲ ಹೊಳೆಯೇ ಆದವು. ಆವತ್ತಿಗೆ ನಮ್ಮ ಸಂಘಕ್ಕೆ ವಾಟ್ಸಾಪ್ ಗುಂಪು ಇತ್ತು. ನೀರು ಬಿಡುವ ಸುದ್ದಿ ತಿಳಿದ ಕೂಡಲೇ, ದಂಡೆಯ ಮೇಲಿನ ಪಂಪ್‌ಸೆಟ್ಟುಗಳನ್ನು ಎತ್ತಿಕೊಳ್ಳಿ ಅಂತ ಆ ಗುಂಪಿಗೆ ಹಾಕಿಯೂ ಇದ್ದೆವು. ಆದರೂ ಕೆಲವರ ಮೋಟರುಗಳು ನೀರಿನಲ್ಲೇ ಮುಳುಗಿದವು.

ಯಾಕೆ ನೋಡಲಿಲ್ಲ ಅಂತ ಆಮೇಲೆ ಮನೆಮನೆಗೆ ಹೋಗಿ ಕೇಳಿದೆವು. ಒಬ್ಬ ಅಜ್ಜನವರು ಮುಚ್ಚುಮರೆಯಿಲ್ಲದೆ ಹೇಳಿದರು: "ನಿಮ್ ಗ್ರೂಪ್‌ನಾ? ಅದರ ಬಾಯಿ ಮುಚ್ಚಿಸಿ ಆರು ತಿಂಗಳಾಯ್ತು ಕಣಪ್ಪ. ಹೊತ್ತಾರೆ ಎದ್ರೆ ಗುಲಾಬಿ ಹೂ, ಮಧ್ಯಾಹ್ನ ಪಕ್ಷದ ಜಗಳ, ರಾತ್ರಿ ಹೊತ್ತು ಸಿನಿಮಾ. ಅದ್ರಲ್ಲಿ ನಿಮ್ಮ ಹೊಳೆ ಸುದ್ದಿ ಯಾವಾಗ ಬಂತೋ, ಯಾವಾಗ ಹೋಯ್ತೋ!"

ನಮಗೆ ಎದುರುತ್ತರ ತೋಚಲಿಲ್ಲ. ಅವರು ಹೇಳಿದ ಗುಲಾಬಿ ಹೂಗಳಲ್ಲಿ ಅರ್ಧ ನಾವೇ ಕಳಿಸಿದ್ದು. ಸುದ್ದಿ ಮುಟ್ಟಿಸುವ ಸಾಧನ ನಮ್ಮ ಕೈಯಲ್ಲಿತ್ತು, ಓದುವ ಜನರನ್ನು ಮಾತ್ರ ನಾವು ಕಳೆದುಕೊಂಡಿದ್ದೆವು. ಅಲ್ಲಿಂದ ಮುಂದೆ ನಾವು ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ಬಂಧುಗಳೇ, ಸಂತೆಯ ವಿಚಾರ ಯೋಚನೆ ಮಾಡಿ ನೋಡಿ. ಸಂತೆಗೆ ಜನ ಯಾಕೆ ಸೇರುತ್ತಾರೆ? ಸಂತೆಯ ವಾರ ತಪ್ಪುವುದಿಲ್ಲ, ಅದಕ್ಕೆ. ಮಳೆ ಬರಲಿ, ಬಿಸಿಲಿರಲಿ, ಆ ವಾರ ಆ ಮೈದಾನದಲ್ಲಿ ಕೊಳ್ಳುವವನೂ ಇರುತ್ತಾನೆ, ಮಾರುವವನೂ ಇರುತ್ತಾನೆ ಅನ್ನುವ ನಂಬಿಕೆ. ಇವತ್ತು ಸೋಮವಾರ, ಬರುವ ವಾರ ಗುರುವಾರ, ಆಮೇಲೆ ಮೂರು ವಾರ ಇಲ್ಲವೇ ಇಲ್ಲ ಅಂದರೆ ಸಂತೆ ಮಾಳದಲ್ಲಿ ಹುಲ್ಲು ಬೆಳೆಯುತ್ತದೆ. ಸುದ್ದಿಗೂ ಇದೇ ನಿಯಮ. ಕೇಳುವವರನ್ನು ಕೂಗಿ ಕರೆದರೆ ಒಂದು ದಿವಸ ಬರುತ್ತಾರೆ. ಹೇಳಿದ ವಾರಕ್ಕೆ ಹೇಳಿದ ಹೊತ್ತಿಗೆ ನಾವು ತಪ್ಪದೆ ಬಂದರೆ ಅವರೂ ಬರುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ಇದು ಹೊಸ ಮಾತೇನೂ ಅಲ್ಲ. ನಮ್ಮ ಮೈಸೂರು ಸೀಮೆಯಲ್ಲೇ ಇದಕ್ಕೆ ದೊಡ್ಡ ದೊಡ್ಡ ಉದಾಹರಣೆಗಳಿವೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಒಂದು ಸಣ್ಣ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಯಂತ್ರದ ಶಕ್ತಿ ಬರೀ 30 ವಾಟ್. ಇವತ್ತು ನಮ್ಮ ಮನೆಯ ಒಂದು ಹಳೇ ಬಲ್ಬಿಗೂ ಅದಕ್ಕಿಂತ ಹೆಚ್ಚು ಬೇಕು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಆಮೇಲಿನ ಕಾಲದಲ್ಲಿ ನಮ್ಮ ತಂದೆ ತಾತಂದಿರು ಪ್ರದೇಶ ಸಮಾಚಾರಕ್ಕೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು, ಕೃಷಿರಂಗ ಬರುವ ಹೊತ್ತಿಗೆ ಜಗಲಿಗೆ ಬಂದು ಕೂರುತ್ತಿದ್ದರು. ಕಾರ್ಯಕ್ರಮ ಚೆನ್ನಾಗಿತ್ತು ನಿಜ. ಆದರೆ ಅದು ಹೇಳಿದ ಹೊತ್ತಿಗೆ ಬರದೇ ಇದ್ದಿದ್ದರೆ ಯಾರು ತಾನೇ ಕಾಯುತ್ತಿದ್ದರು?

ಇನ್ನೊಂದು ಉದಾಹರಣೆ 'ಸುಧರ್ಮಾ' ಪತ್ರಿಕೆ. ಸಂಸ್ಕೃತದ ದಿನಪತ್ರಿಕೆ. ಪಂಡಿತ ವರದರಾಜ ಅಯ್ಯಂಗಾರ್ಯರು 1970ರಲ್ಲಿ ಮೈಸೂರಿನಲ್ಲಿ ಶುರು ಮಾಡಿದರು. ಸಂಸ್ಕೃತದಲ್ಲಿ ದಿನಪತ್ರಿಕೆ ಯಾರು ಓದುತ್ತಾರೆ ಅಂತ ಆಗಲೇ ಜನ ಕೇಳಿರಬೇಕು. ಹೆಚ್ಚು ಪುಟಗಳಿಲ್ಲ, ಬಣ್ಣವಿಲ್ಲ. ಓದುವವರು ಒಂದೇ ಊರಿನವರಲ್ಲ, ದೇಶದ ಮೂಲೆಮೂಲೆಯಲ್ಲಿ ಒಬ್ಬೊಬ್ಬರು. ಅವರಿಗೆ ದಿನವೂ ಅಂಚೆಯಲ್ಲಿ ಹೋಯಿತು. ಅವರ ಮಗ ಕೆ.ವಿ. ಸಂಪತ್ ಕುಮಾರ್ ಮತ್ತು ಸೊಸೆ ಜಯಲಕ್ಷ್ಮಿಯವರು ಅದನ್ನು ಮುಂದುವರಿಸಿದರು. ಅಂತರ್ಜಾಲ ಬಂದ ಮೇಲೆ ಅದನ್ನು ಅಲ್ಲಿಗೂ ಹಾಕಿದರು. ಅಂಚೆಯಣ್ಣ ಹೋಗಲಾಗದ ದೇಶಗಳಲ್ಲೂ ಓದುವವರು ಸಿಕ್ಕರು. 2020ರ ಪದ್ಮಶ್ರೀ ದಂಪತಿಗಳಿಬ್ಬರಿಗೂ ಸೇರಿ ಬಂತು. ಸಂಪತ್ ಕುಮಾರ್ 2021ರಲ್ಲಿ ತೀರಿಕೊಂಡರು. ಅವರ ಕೆಲಸದಿಂದ ನಾವು ತಿಳಿಯಬೇಕಾದ್ದು ಇಷ್ಟು: ಓದುವವರು ಕಡಿಮೆ ಅಂತ ಪತ್ರಿಕೆ ನಿಲ್ಲಿಸಲಿಲ್ಲ, ಅಂತರ್ಜಾಲ ಬಂದಾಗ ಅದಕ್ಕೆ ಹಾಕೋಕೆ ಅವರ ಹತ್ತಿರ ದಿನದಿನದ ಸರಕು ತಯಾರಾಗಿತ್ತು. ಸರಕೇ ಇಲ್ಲದವನಿಗೆ ಅಂತರ್ಜಾಲ ಏನು ಮಾಡೀತು?

ನಮ್ಮ ಊರಿನದೇ ಬೇಕಾದರೆ ನಂಜನಗೂಡಿನ ಹಲ್ಲುಪುಡಿ ಇದೆಯಲ್ಲ! ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ನಂಜನಗೂಡನ್ನು ಕಣ್ಣಾರೆ ಕಾಣದವರೂ ಪೊಟ್ಟಣದ ಮೇಲೆ ದಿನಾ ಬೆಳಿಗ್ಗೆ ಊರಿನ ಹೆಸರು ಓದಿದರು. ದಿನವೂ ಕೈಗೆ ಸಿಗುವುದರ ಬಲ ಅದು.

ಈಗ ನಾವು ಏನು ಮಾಡಿದೆವು ಅಂತ ಹೇಳುತ್ತೇವೆ. ಹೊಳೆ ಇಳಿದ ಮೇಲೆ ಸಂಘದ ಕಟ್ಟಡದಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದೆವು. ವಾರಕ್ಕೆ ಒಂದೇ ಸುದ್ದಿ, ಗುರುವಾರ ಸಂಜೆ 7 ಗಂಟೆಗೆ. ಅಷ್ಟು ಹೊತ್ತಿಗೆ ಡೇರಿಗೆ ಹಾಲು ಹಾಕಿ ಬಂದು, ದನ ಕಟ್ಟಿ, ಊಟಕ್ಕೆ ಕೂರೋದಕ್ಕೆ ಮುಂಚೆ ಜನ ಕೊಂಚ ಬಿಡುವಾಗಿರುತ್ತಾರೆ. ಸುದ್ದಿ ಅಂಗೈಯಗಲ ಇರಬೇಕು. ಅದರಲ್ಲಿ ನಾಲ್ಕು ಮಾತು: ಗೊಬ್ಬರ ಬಿತ್ತನೆಬೀಜದ ದಾಸ್ತಾನು, ನಾಲೆ ಮತ್ತು ಹೊಳೆಯ ನೀರು, ಸಂಘದ ಸೂಚನೆ, ನಮ್ಮ ಸದಸ್ಯರಲ್ಲೇ ಯಾರಾದರೂ ಮಾಡಿದ ಒಂದು ಕೆಲಸ. ಗುಂಪಿನಲ್ಲಿ ಆಡಳಿತದವರು ಮಾತ್ರ ಬರೆಯುವ ಹಾಗೆ ಬೀಗ ಹಾಕಿದೆವು. ಶುಭೋದಯದ ಹೂವು ನಿಂತುಹೋಯಿತು. ಕೆಲವರು ಮುನಿಸಿಕೊಂಡರು. ಹರಟೆಗೆ ಬೇರೆ ಗುಂಪು ಮಾಡಿಕೊಳ್ಳಿ, ಅಲ್ಲಿ ನಾವೂ ಬರುತ್ತೇವೆ ಅಂತ ಸಮಾಧಾನ ಹೇಳಿದೆವು.

ಮೊದಲ ವಾರ ಉತ್ತರ ಬಂದದ್ದು ಮೂರು ಜನರಿಂದ. ಅದರಲ್ಲಿ ಇಬ್ಬರು ನಮ್ಮ ಮನೆಯವರೇ! ಎರಡನೇ ತಿಂಗಳಲ್ಲೂ ಹೆಚ್ಚು ಕಡಿಮೆ ಹಾಗೇ ಇತ್ತು. ಸಾಕು ಬಿಡಿ, ಯಾರೂ ನೋಡ್ತಾ ಇಲ್ಲ ಅಂತ ನಮ್ಮಲ್ಲೇ ಮಾತು ಬಂತು. ಆದರೂ ಬಿಡಲಿಲ್ಲ. ಒಂದು ಗುರುವಾರ ಕರೆಂಟು ಹೋಗಿ, ಮಳೆ ಬಂದು, ಸುದ್ದಿ ಹಾಕೋಕೆ ಆಗಲಿಲ್ಲ. ರಾತ್ರಿ 8 ಗಂಟೆಗೆ ಒಬ್ಬ ತಾಯಿ ಫೋನು ಮಾಡಿದರು: "ಯಾಕಪ್ಪ, ಇವತ್ತು ಸಂಘದ ಕಾಗ್ದ ಬರ್ನಿಲ್ವಲ್ಲ, ಎಲ್ಲ ಚೆಂದಾಗಿದ್ದೀರಾ?" ಆವತ್ತು ನಮಗೆ ಗೊತ್ತಾಯಿತು, ಕೇಳುವವರು ಹುಟ್ಟಿದ್ದಾರೆ ಅಂತ. ಎಷ್ಟು ಜನ ಹೆಬ್ಬೆಟ್ಟು ಒತ್ತಿದರು ಅಂತ ಎಣಿಸುವುದನ್ನು ಅಲ್ಲಿಗೇ ಬಿಟ್ಟೆವು. ಬಾರದೆ ಇದ್ದಾಗ ಎಷ್ಟು ಜನ ಕೇಳುತ್ತಾರೆ ಅನ್ನುವುದೇ ನಮ್ಮ ಲೆಕ್ಕ.

ಬೇರೆ ಸಂಘಗಳವರೂ ಇಲ್ಲಿ ಬಂದಿದ್ದೀರಿ. ನಿಮಗೆ ಉಪಯೋಗವಾಗಲಿ ಅಂತ ಕೆಲವು ಕೆಲಸದ ಮಾತು ಹೇಳುತ್ತೇವೆ.

ಮೊದಲನೆಯದು ಪಟ್ಟಿ. ಫೇಸ್‌ಬುಕ್ಕು, ವಾಟ್ಸಾಪು ಇವೆಲ್ಲ ಬಾಡಿಗೆ ಮನೆಗಳು. ಮನೆ ಯಜಮಾನ ಯಾವತ್ತು ನಿಯಮ ಬದಲಾಯಿಸುತ್ತಾನೋ ಗೊತ್ತಿಲ್ಲ. ಫೇಸ್‌ಬುಕ್ಕಿನ ಪುಟವನ್ನು ಸಾವಿರ ಜನ ಮೆಚ್ಚಿದ್ದರೂ ನಾವು ಹಾಕಿದ್ದನ್ನು ಎಷ್ಟು ಜನರಿಗೆ ತೋರಿಸಬೇಕು ಅಂತ ತೀರ್ಮಾನ ಮಾಡುವುದು ಆ ಕಂಪನಿಯವರೇ. ಸದಸ್ಯರ ಫೋನ್ ನಂಬರು, ಇ-ಮೇಲ್ ವಿಳಾಸ ಸಂಘದ ರಿಜಿಸ್ಟರಿನಲ್ಲಿ ಇದ್ದರೆ ಅದು ಸ್ವಂತ ಮನೆ. ಆದ್ದರಿಂದ ಪುಟವೂ ಇರಲಿ, ಗುಂಪೂ ಇರಲಿ, ಪಟ್ಟಿ ಮಾತ್ರ ನಮ್ಮ ಬೀರುವಿನಲ್ಲಿರಲಿ.

ಎರಡನೆಯದು ಒಪ್ಪಿಗೆ. ಕೇಳದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ. ಬೇಡ ಅಂದವರ ಹೆಸರನ್ನು ಆವತ್ತೇ ತೆಗೆಯಿರಿ. ಸದಸ್ಯರ ನಂಬರು ಕೇಳಿಕೊಂಡು ಬೀಜದ ಕಂಪನಿಯವನು ಬರುತ್ತಾನೆ, ಚೀಟಿ ಹಣದವನು ಬರುತ್ತಾನೆ. ಕೊಡಬೇಡಿ. ಜನರ ವಿವರಗಳನ್ನು ಕಾಪಾಡಬೇಕು ಅಂತ 2023ರಲ್ಲಿ ದೇಶದಲ್ಲಿ ಕಾನೂನೇ ಆಗಿದೆ. ಕಾನೂನು ಇಲ್ಲದಿದ್ದರೂ ಅದು ನಂಬಿಕೆಯ ಪ್ರಶ್ನೆ.

ಮೂರನೆಯದು ಯಾವ ಸಾಧನ ಯಾರಿಗೆ ಅನ್ನುವುದು. ವಾಟ್ಸಾಪಿನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಕಳಿಸಬಹುದು. ಆದರೆ ಸಂಘದ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಇದು ತಿಳಿಯದೆ ನಾವು ಬಹಳ ದಿವಸ ಗೋಡೆಗೆ ಮಾತಾಡಿದೆವು. ಈಗ ಸಾಲಕ್ಕೆ ಸಹಿ ಹಾಕೋಕೆ ಬಂದವರ ಫೋನಿನಲ್ಲಿ ಮೊದಲು ನಂಬರು ಉಳಿಸಿಕೊಡುತ್ತೇವೆ. 2023ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಚಾನೆಲ್ ಬಂತು. ಅದರಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊರಗಿನ ಗಿರಾಕಿಗಳಿಗೆ ಅದು ಅನುಕೂಲ. ಬೆಂಗಳೂರಿನಲ್ಲೋ ವಿದೇಶದಲ್ಲೋ ಕೆಲಸದಲ್ಲಿರುವ ನಮ್ಮ ಮಕ್ಕಳಿಗೆ ತಿಂಗಳಿಗೊಂದು ಇ-ಮೇಲ್ ಕಳಿಸುತ್ತೇವೆ. ವಾಟ್ಸಾಪಿನದು ಸಂತೆ ಮಾತು, ಗದ್ದಲದಲ್ಲಿ ಕಳೆದುಹೋಗುತ್ತದೆ. ಇ-ಮೇಲು ಕಾಗದದ ಹಾಗೆ, ಬಿಡುವಾದಾಗ ತೆಗೆದು ಓದುತ್ತಾರೆ, ಎತ್ತಿಡುತ್ತಾರೆ. ಕಳಿಸುವಾಗ ಎಲ್ಲರ ವಿಳಾಸವನ್ನೂ 'ಬಿಸಿಸಿ' ಅನ್ನುವ ಮನೆಯಲ್ಲಿ ಹಾಕಿ, ಆಗ ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣುವುದಿಲ್ಲ.

ನಾಲ್ಕನೆಯದು ಭಾಷೆ. "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಅಂತ ಶುರು ಮಾಡಿದರೆ ಜನ ಅಲ್ಲಿಗೇ ಬಿಡುತ್ತಾರೆ. "ಯೂರಿಯಾ ಬಂದಿದೆ, ಶನಿವಾರ ಬೆಳಿಗ್ಗೆ ಬನ್ನಿ, ಪಹಣಿ ತನ್ನಿ" ಅಂದರೆ ಸಾಕು. ಕನ್ನಡ ಟೈಪು ಬರುವುದಿಲ್ಲ ಅನ್ನುವ ನೆಪ ಈಗಿಲ್ಲ. 2017ರಿಂದ ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಒಂದೆರಡು ಕಡೆ ತಪ್ಪು ಬರೆಯುತ್ತದೆ, ತಿದ್ದಿ ಕಳಿಸಿ. ಓದು ಬಾರದವರಿಗೆ ಅದನ್ನೇ ದನಿಯಲ್ಲಿ ಹೇಳಿ ಕಳಿಸಿ. ಫೋನೇ ಇಲ್ಲದವರೂ ನಮ್ಮ ಷೇರುದಾರರೇ. ಅವರಿಗಾಗಿ ಶುಕ್ರವಾರ ಬೆಳಿಗ್ಗೆ ಡೇರಿಯ ಮುಂದಿನ ಕಪ್ಪುಹಲಗೆಯ ಮೇಲೆ ಅದೇ ನಾಲ್ಕು ಮಾತು ಬರೆಯುತ್ತೇವೆ.

ಐದನೆಯದು ಸತ್ಯ. ಒಂದು ಸಲ ಗೊಬ್ಬರದ ಬೆಲೆ ತಪ್ಪು ಹಾಕಿದೆವು. ಅಳಿಸಿಬಿಡಿ, ಯಾರಿಗೂ ಗೊತ್ತಾಗಲ್ಲ ಅಂತ ಒಬ್ಬರು ಹೇಳಿದರು. ಅಳಿಸಲಿಲ್ಲ. ಮುಂದಿನ ಗುರುವಾರ ಮೊದಲ ಸಾಲಿನಲ್ಲೇ "ಕಳೆದ ವಾರ ನಾವು ತಪ್ಪು ಬರೆದಿದ್ದೆವು, ಕ್ಷಮಿಸಿ" ಅಂತ ಹಾಕಿದೆವು. ಬಂದ ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ತಳ್ಳುವುದಂತೂ ಇಲ್ಲವೇ ಇಲ್ಲ. ಮದುವೆ ಕಾಗದ, ಸರ್ಕಾರದ ಯೋಜನೆ ಅಂತ ಹೇಳಿಕೊಂಡು ಬರುವ ಎಪಿಕೆ ಕಡತ ಒತ್ತಿದರೆ ಖಾತೆಯ ಹಣ ಹೋಗುವ ಕಾಲ ಇದು. ಸಂಘದ ನಂಬರಿನಿಂದ ಅಂಥದ್ದು ಎಂದೂ ಬರುವುದಿಲ್ಲ, ಸಂಘ ಎಂದೂ ಓಟಿಪಿ ಕೇಳುವುದಿಲ್ಲ ಅಂತ ಆಗಾಗ ಹೇಳುತ್ತಲೇ ಇರುತ್ತೇವೆ.

ಇನ್ನು ವ್ಯಾಪಾರದ ಮಾತು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದೇವರಸನಹಳ್ಳಿಯ ಸುತ್ತಮುತ್ತ ಬೆಳೆಯುತ್ತಿದ್ದ ಆ ಹಣ್ಣಿನ ಘಮ ಹಿರಿಯರಿಗೆ ಗೊತ್ತು. ಪನಾಮಾ ಸೊರಗು ರೋಗ ಬಂದು ತೋಟಗಳು ಹೋದವು, ಬೆಳೆಯುವವರು ಬೆರಳೆಣಿಕೆಗೆ ಇಳಿದರು. ಹೆಸರು ಮಾತ್ರ ಉಳಿದು, ಆ ಹೆಸರಿನಲ್ಲಿ ಬೇರೆ ಹಣ್ಣು ಮಾರುವವರು ಹೆಚ್ಚಿದರು. ಮತ್ತೆ ನೆಟ್ಟವರು ನಮ್ಮಲ್ಲಿ ಕೆಲವರಿದ್ದಾರೆ. ಬೆಂಗಳೂರಿನಲ್ಲಿ ಆ ಹಣ್ಣಿಗೆ ಕಾದು ಕೂತವರೂ ಇದ್ದಾರೆ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಗೊನೆ ಬಲಿಯುವ ಮುಂಚೆ, ಕಂದು ನೆಟ್ಟ ದಿವಸದಿಂದಲೇ ತಿಂಗಳು ತಿಂಗಳು ಆ ತೋಟದ ಚಿತ್ರ, ರೈತನ ಎರಡು ಮಾತು ಹೋಗುತ್ತಿದ್ದರೆ ಹಣ್ಣು ಬರುವ ಹೊತ್ತಿಗೆ ಕೊಳ್ಳುವವನು ಪರಿಚಯದವನಾಗಿರುತ್ತಾನೆ. ಹಣ್ಣು ಕೊಯ್ದ ಮೇಲೆ ಗಿರಾಕಿ ಹುಡುಕಿದರೆ ದಲ್ಲಾಳಿ ಹೇಳಿದ್ದೇ ಬೆಲೆ.

ಇದು ಬರೀ ಆಸೆಯ ಮಾತಲ್ಲ. 2021ರಲ್ಲಿ ಕೊರೋನಾ ಕಾಲದಲ್ಲಿ ಕರಾವಳಿ ಮತ್ತು ಉತ್ತರ ಕನ್ನಡದಲ್ಲಿ ನಡೆದದ್ದನ್ನು ನೋಡಿ. ಬಾಳೆಗೆ ಬೆಲೆ ಬಿದ್ದುಹೋಗಿತ್ತು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿ, ರೈತರ ಕೈಯಿಂದಲೇ ಬರೆಸಿದ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು 'ಬಾಕಾಹು' ಅಂತ ಒಂದು ಆಂದೋಲನ ಹಬ್ಬಿಸಿದರು. ಬಾಕಾಹು ಅಂದರೆ ಬಾಳೆಕಾಯಿ ಹುಡಿ. ಕಾಯಿಯನ್ನು ಹೆಚ್ಚಿ ಒಣಗಿಸಿ ಬೀಸಿದರೆ ಆಯಿತು. ಮನೆಯ ಹೆಂಗಸರು ಅದರಿಂದ ದೋಸೆ ಮಾಡಿದರು, ಜಾಮೂನು ಮಾಡಿದರು, ಮಾಡಿದ್ದನ್ನು ಚಿತ್ರ ಸಮೇತ ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಒಬ್ಬರದು ನೋಡಿ ಇನ್ನೊಬ್ಬರು. ಹುಡಿಗೆ ಗಿರಾಕಿ ಬಂದರು. ಅದೇ ವರ್ಷ ಜುಲೈ ತಿಂಗಳ 'ಮನ್ ಕೀ ಬಾತ್'ನಲ್ಲಿ ಪ್ರಧಾನಮಂತ್ರಿಗಳೂ ಈ ಹೆಂಗಸರ ಕೆಲಸವನ್ನು ಹೇಳಿದರು. ಅಲ್ಲಿ ಯಾರೂ ಜಾಹೀರಾತಿಗೆ ಲಕ್ಷ ಸುರಿಯಲಿಲ್ಲ. ಮಾಡಿದವರೇ ಹೇಳಿದರು, ಒಂದು ದಿನ ಹೇಳಿ ಸುಮ್ಮನಾಗಲಿಲ್ಲ. ಅಷ್ಟೇ ಅದರ ಗುಟ್ಟು. ನಮ್ಮ ತಾಯಂದಿರ ಸ್ವಸಹಾಯ ಗುಂಪುಗಳಿಗೆ ಇದು ಕಷ್ಟದ ಕೆಲಸವೇ?

ಕೊನೆಗೆ ಹೊಳೆಯ ಮಾತಿಗೇ ಬರುತ್ತೇವೆ. 2024ರ ಜುಲೈನಲ್ಲಿ ವಯನಾಡಿನ ಮಳೆಗೆ ಕಬಿನಿಯ ಹೊರಹರಿವು ಮತ್ತೆ ಏರಿತು. ಅದು ಗುರುವಾರವಾಗಿರಲಿಲ್ಲ. ಬೇರೆ ವಾರ ಸಂಘದ ಸುದ್ದಿ ಬಂತು ಅಂದರೆ ಏನೋ ಇದೆ ಅಂತ ಜನ ಕೂಡಲೇ ತೆಗೆದು ನೋಡಿದರು. ರಾತ್ರಿಯೇ ಟಾರ್ಚು ಹಿಡಿದು ದಂಡೆಗೆ ಹೋಗಿ ಮೋಟರು ಎತ್ತಿದರು. ಬಾಯಿ ಮುಚ್ಚಿಸಿದ್ದೆ ಅಂದಿದ್ದ ಆ ಅಜ್ಜನವರು ಪಕ್ಕದ ಗದ್ದೆಯವರಿಗೂ ತಾವೇ ಫೋನು ಮಾಡಿ ಎಬ್ಬಿಸಿದ್ದರಂತೆ. ನಾವು ಐದು ವರ್ಷ ಗುರುವಾರ ಗುರುವಾರ ಗೊಬ್ಬರದ ಲೆಕ್ಕ, ನಾಲೆಯ ಸುದ್ದಿ ಬರೆದದ್ದು ಆ ಒಂದು ರಾತ್ರಿಗೆ ಕೆಲಸಕ್ಕೆ ಬಂತು. ಹೊಳೆ ಬಂದ ದಿವಸ ಓದುವವರನ್ನು ಹುಡುಕೋಕೆ ಆಗುವುದಿಲ್ಲ. ಹೊಳೆ ಬತ್ತಿರುವಾಗಲೇ ಅವರನ್ನು ಸಂಪಾದಿಸಿಕೊಂಡಿರಬೇಕು.

ಮುಂದೆ ಕುಳಿತ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಸಂಘ ಅಂದರೆ ಕಟ್ಟಡವಲ್ಲ, ಬೀರುವಲ್ಲ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ರೂಢಿ. ಆ ರೂಢಿ ಇದ್ದರೆ ಸಾಲ ವಸೂಲಿಯೂ ಆಗುತ್ತದೆ, ಸರ್ವಸದಸ್ಯರ ಸಭೆಯೂ ತುಂಬುತ್ತದೆ, ಬಾಳೆಗೆ ಬೆಲೆಯೂ ಬರುತ್ತದೆ. ಹಿಂದೆ ಅದನ್ನು ಡಂಗುರ ಮಾಡುತ್ತಿತ್ತು, ಆಮೇಲೆ ಅಂಚೆ ಮಾಡಿತು, ಬಾನುಲಿ ಮಾಡಿತು. ಇವತ್ತು ಅಂಗೈ ಫೋನು ಮಾಡುತ್ತಿದೆ. ನಾಳೆ ಇನ್ನೇನು ಬರುತ್ತದೋ, ಬರಲಿ. ತೆನೆ ತೆನೆ ಕೂಡಿದರೆ ಬಳ್ಳ ಅನ್ನುವ ಮಾತು ಅದಕ್ಕೂ ನಿಲ್ಲುತ್ತದೆ.

ಒಂದೇ ಕೋರಿಕೆ. ಈ ಕೆಲಸಕ್ಕೆ ಇನ್ನೂ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಮುಂದೆ ಬರಬೇಕು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಬರೆಯಬೇಕು, ಗುರುವಾರ ಮಾತ್ರ ತಪ್ಪಬಾರದು. ಚಿನ್ನದ ಹಬ್ಬದಲ್ಲಿ ಇದೇ ವೇದಿಕೆ ಮೇಲೆ ನಿಂತು ಮಾತಾಡುವವರು, ಈ ಇಪ್ಪತ್ತೈದು ವರ್ಷದಲ್ಲಿ ಒಂದು ಗುರುವಾರವೂ ತಪ್ಪಲಿಲ್ಲ ಅಂತ ಹೇಳುವಂತಾಗಲಿ.

 ಶ್ರೀಕಂಠೇಶ್ವರನೂ ತ್ರಿವೇಣಿ ಸಂಗಮದ ತಾಯಂದಿರೂ ನಮ್ಮ ಸಂಘವನ್ನು ಹರಸಲಿ ಎಂದು ಬೇಡಿಕೊಂಡು ನಮ್ಮ ಮಾತು ಮುಗಿಸುತ್ತೇವೆ.